2036ರ ಬಟ್ಟೆಯನ್ನು 1939ರಲ್ಲೇ ಹೊಲಿದಾಕೆ!

ನಲ್ಲಿಯಲ್ಲಿ ಬಾರದ ನೀರು, ಹೊತ್ತಿಗೆ ಬಾರದ ಬಸ್ಸು, ಉರಿಯದ ಬೀದಿ ದೀಪ—ಈ ಅಂಕಣದಲ್ಲಿ ದಿನಾ ಬರುವುದು ಇವೇ. ಒಂದು ದಿನಕ್ಕೆ ಅವೆಲ್ಲ ಪಕ್ಕಕ್ಕಿರಲಿ. ಇವತ್ತಿನ ಸುದ್ದಿ ಬಲು ದೂರದ್ದು, ಅಮೆರಿಕದ್ದು. ಆದರೂ ಜವಳಿ ಅಂಗಡಿಯವರು, ಹೊಲಿಗೆ ಮಿಷನ್ ಮುಂದೆ ಕೂತವರು, ಬಸ್ಸಿನಲ್ಲಿ ಕಾದಂಬರಿ ಹಿಡಿದು ತಮ್ಮ ಸ್ಟಾಪು ದಾಟಿದ್ದೇ ತಿಳಿಯದೆ ಮುಂದೆ ಹೋಗಿಬಿಡುವವರು—ಇವರೆಲ್ಲ ಓದಬಹುದಾದ ಸುದ್ದಿ.

1939ರ ಜುಲೈ 2, ಭಾನುವಾರ. ನ್ಯೂಯಾರ್ಕಿನ ಒಂದು ಸಭಾಂಗಣದಲ್ಲಿ ಸುಮಾರು ಇನ್ನೂರು ಜನ ಸೇರಿದ್ದರು. ಬಹುಪಾಲು ಆಗತಾನೆ ಮೀಸೆ ಚಿಗುರಿದ ಹುಡುಗರು. ಕೋಟು, ಟೈ, ತೀಡಿದ ಕ್ರಾಪು. ಇವರನ್ನೆಲ್ಲ ಒಂದೆಡೆ ಸೇರಿಸಿದ್ದು ಒಂದೇ ಚಟ—ವೈಜ್ಞಾನಿಕ ಕಥೆಗಳ ಚಟ. ರಾಕೆಟ್ಟು, ರೋಬೋಟು, ಮಂಗಳಗ್ರಹದಿಂದ ಇಳಿದು ಬರುವ ವಿಚಿತ್ರ ಪ್ರಾಣಿಗಳು, ಇಂಥವೇ. ಊರಲ್ಲಿ ಆಗ ವಿಶ್ವ ವಸ್ತುಪ್ರದರ್ಶನ ನಡೆದಿತ್ತು. ಅದಕ್ಕೆ ಹೊಂದಿಸಿಕೊಂಡು ಈ ಹುಡುಗರೂ ತಮ್ಮ ಸಭೆಗೆ ವಿಶ್ವ ಸಮ್ಮೇಳನ ಅಂತ ಹೆಸರಿಟ್ಟರು. ಅದೇ ಮೊದಲನೆಯ ‘ವರ್ಲ್ಡ್‌ಕಾನ್’.

ಆ ಕೋಟು ಟೈಗಳ ನಡುವೆ ಇಬ್ಬರು ಬಂದರು ನೋಡಿ! ಗಂಡಸಿನ ಹೆಗಲ ಮೇಲೆ ಹಸಿರು ನಿಲುವಂಗಿ, ಕೆಳಗೆ ಜೋಲು ಷರಾಯಿ. ಎದೆಯ ಮೇಲೆ ದೊಡ್ಡದಾಗಿ ‘4 ಎಸ್ ಜೆ’ ಅಂತ ಗುರುತು. ಇಂಗ್ಲಿಷಿನಲ್ಲಿ ಬೇಗ ಓದಿದರೆ ‘ಫಾರೆಸ್ಟ್ ಜೆ’ಯ ಹತ್ತಿರ ಬರುತ್ತದೆ. ಹೆಸರು ಫಾರೆಸ್ಟ್ ಜೆ ಅಕರ್‌ಮನ್, ವಯಸ್ಸು 22, ಊರು ಲಾಸ್ ಏಂಜಲೀಸ್. ಜೊತೆಗಿದ್ದಾಕೆ ಮರ್ಟಲ್ ಡಗ್ಲಸ್, ವಯಸ್ಸು 35. ಆಕೆಯದೂ ಅದೇ ಮುಂದಿನ ಕಾಲದ ಉಡುಪು. ಎಲ್ಲರೂ ಇದೇ ಥರ ವೇಷ ಹಾಕಿಕೊಂಡು ಬಂದಿರುತ್ತಾರೆ ಅಂದುಕೊಂಡಿದ್ದನಂತೆ ಅಕರ್‌ಮನ್. ಬಂದು ನೋಡಿದರೆ ಇವರಿಬ್ಬರೇ!

ನಾಚಿಕೆಯಾಗಿ ಕೋಣೆಗೆ ಓಡಿಹೋಗಿ ಬಟ್ಟೆ ಬದಲಾಯಿಸಿಕೊಂಡನೇ? ಇಲ್ಲ. ಅದೇ ವೇಷದಲ್ಲಿ ಬೀದಿ ಸುತ್ತಿದ. ರಸ್ತೆಯ ಹುಡುಗರು ಕಾಮಿಕ್ಸ್ ನಾಯಕರ ಹೆಸರು ಹಿಡಿದು ಕೂಗಿದರು. ವಸ್ತುಪ್ರದರ್ಶನಕ್ಕೂ ಹೋಗಿ ಅಲ್ಲಿನ ಮೈಕಿನ ಮುಂದೆ ನಿಂತು, ತಾನು ಮುಂದಿನ ಕಾಲದಿಂದ ಬಂದವನು ಅಂತ ಎಸ್ಪೆರಾಂತೋ ಭಾಷೆಯಲ್ಲಿ ಬಿಟ್ಟನೆಂದು ಮುದುಕನಾದ ಮೇಲೂ ಹೇಳಿಕೊಂಡು ನಗುತ್ತಿದ್ದ.

ಬಟ್ಟೆ ಬಂದದ್ದು ಎಲ್ಲಿಂದ?

1936ರಲ್ಲಿ ‘ಥಿಂಗ್ಸ್ ಟು ಕಮ್’ ಅಂತ ಒಂದು ಇಂಗ್ಲಿಷ್ ಫಿಲ್ಮು ಬಂತು. ಕಥೆ ಎಚ್. ಜಿ. ವೆಲ್ಸ್‌ನದು. ಕೊನೆಯ ಭಾಗದಲ್ಲಿ 2036ನೇ ಇಸವಿಯ ಜನ ಅಗಲ ಭುಜದ ನಿಲುವಂಗಿ ತೊಟ್ಟು ಓಡಾಡುತ್ತಾರೆ. (ಆ 2036 ಇನ್ನೂ ಬಂದಿಲ್ಲ. ನಾವಂತೂ ಇನ್ನೂ ಪ್ಯಾಂಟು ಷರ್ಟಿನಲ್ಲೇ ಇದ್ದೇವೆ.) ಆ ಕಾಲದ ಕಥಾ ಪತ್ರಿಕೆಗಳಿಗೆ ಫ್ರಾಂಕ್ ಆರ್. ಪಾಲ್ ಅನ್ನುವ ಚಿತ್ರಗಾರ ಬಣ್ಣಬಣ್ಣದ ರಕ್ಷಾಪುಟ ಬರೆಯುತ್ತಿದ್ದ. ಅವನ ಚಿತ್ರದ ಜನರೂ ಹೆಚ್ಚುಕಡಿಮೆ ಇದೇ ಗೆಟಪ್ಪಿನವರು. ಈ ಎರಡನ್ನೂ ನೋಡಿ, ಅಳತೆ ಹಿಡಿದು, ಬಟ್ಟೆ ಕತ್ತರಿಸಿ ಹೊಲಿದದ್ದು ಮರ್ಟಲ್ ಡಗ್ಲಸ್. ತನಗೂ ಆಕೆಯೇ, ಅವನಿಗೂ ಆಕೆಯೇ.

ಪರದೆಯ ಮೇಲೆ ಓಡುವ ಕಪ್ಪುಬಿಳುಪು ಚಿತ್ರ ನೋಡಿ ಬಟ್ಟೆ ಹೊಲಿಯುವುದು ಸುಲಭವಲ್ಲ. ಟೈಲರ್ ಅಂಗಡಿಯವರನ್ನು ಕೇಳಿ ನೋಡಿ. ಸಿನಿಮಾ ನೋಡಿ ಬಂದ ಗಿರಾಕಿ ‘ಅದೇ ಕಾಲರ್ ಬೇಕು’ ಅಂದರೆ ಅವರ ಮುಖ ಹೇಗಾಗುತ್ತದೆ! ಮುಂದಿನಿಂದ ಕಾಣುವುದು ಒಂದು ನಿಮಿಷ. ಹಿಂದೆ ಗುಂಡಿಯೋ ಹುಕ್ಕೋ ದೇವರೇ ಬಲ್ಲ. ಆಕೆ ಅದನ್ನು ಊಹಿಸಿಯೇ ಹೊಲಿದಳು.

ಆಕೆ ಮತ್ತು ಅಕರ್‌ಮನ್ ಇಬ್ಬರಿಗೂ ಎಸ್ಪೆರಾಂತೋ ಗೀಳು. ಅದು ಲೋಕದ ಜನರೆಲ್ಲ ಒಂದೇ ಮಾತಾಡಲಿ ಅಂತ 1887ರಲ್ಲಿ ಜಮೆನ್‌ಹಾಫ್ ಎಂಬಾತ ಕಟ್ಟಿ ಹೊರತಂದ ಭಾಷೆ. ಮರ್ಟಲ್ ಆ ಭಾಷೆಯಲ್ಲೇ ತನ್ನ ಹೆಸರಿನ ಅಕ್ಷರಗಳನ್ನು ಜೋಡಿಸಿ ‘ಮೊರೋಜೋ’ ಅಂತ ಹೆಸರಿಟ್ಟುಕೊಂಡಳು. ಬಳಗದವರಿಗೆಲ್ಲ ಆಕೆ ಮೊರೋಜೋ ಅಂತಲೇ ಗೊತ್ತು. ಇಬ್ಬರೂ ಸೇರಿ ಸ್ಟೆನ್ಸಿಲ್ ಮೇಲೆ ಟೈಪು ಹೊಡೆದು, ಪ್ರತಿ ತೆಗೆದು, ಅಂಚೆಗೆ ಹಾಕಿ ಒಂದು ಪುಟ್ಟ ಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ತುಂಬ ಓದುಗರ ಪತ್ರಗಳೇ, ಅರ್ಧಕ್ಕರ್ಧ ಜಗಳವೇ.

ಜಗಳ ಅಂದಾಗ ನೆನಪಾಯಿತು. ಆ ಮೊದಲ ಸಮ್ಮೇಳನದಲ್ಲೇ ಆರು ಜನರನ್ನು ಬಾಗಿಲಲ್ಲೇ ತಡೆದು ಒಳಗೆ ಬಿಡಲಿಲ್ಲ. ಎದುರು ಗುಂಪಿನವರು, ಕರಪತ್ರ ಹಂಚಿ ಗಲಾಟೆ ಮಾಡುತ್ತಾರೆ ಅಂತ. ಕರಪತ್ರ ಬರೆದವನು ಮಾತ್ರ ಆರಾಮವಾಗಿ ಒಳಗೆ ಕೂತಿದ್ದ! ಅವನ ಹೆಸರು ಡೇವಿಡ್ ಕೈಲ್. ಈ ಪುಣ್ಯಾತ್ಮ ಮುಂದೆ ಮತ್ತೆ ಬರುತ್ತಾನೆ.

ಪೇಪರು ಮಾರುವ ಹುಡುಗ

ಅಕರ್‌ಮನ್‌ಗೆ ಈ ಹುಚ್ಚು ಹಿಡಿದದ್ದು ಒಂಬತ್ತನೇ ವಯಸ್ಸಿನಲ್ಲಿ, 1926ರ ಅಕ್ಟೋಬರ್‌ನಲ್ಲಿ. ಪತ್ರಿಕೆ ಅಂಗಡಿಯಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಕಣ್ಣಿಗೆ ಬಿತ್ತು. ಬೆಲೆ 25 ಸೆಂಟು. ರಕ್ಷಾಪುಟ ಮತ್ತದೇ ಪಾಲ್‌ನದು. ಅವತ್ತು ಕೊಂಡ ಸಂಚಿಕೆಯಿಂದ ಶುರುವಾದದ್ದು 92ನೇ ವಯಸ್ಸಿನಲ್ಲಿ, 2008ರ ಡಿಸೆಂಬರ್ 4ರಂದು ತೀರಿಕೊಳ್ಳುವ ತನಕ ಬಿಡಲಿಲ್ಲ. ಮದ್ಯ, ಇಸ್ಪೀಟು ಏನೂ ಅಲ್ಲ, ಬರೀ ಪುಸ್ತಕ!

ಇಂಥವರ ಸುಖ ಏನು ಅಂತ ಕೇಳಬಹುದು. ಮೊದಲನೇ ಸುಖ ಬಳಗದ್ದು. ಊರಲ್ಲಿ ಎಲ್ಲರೂ ‘ತಲೆ ಕೆಟ್ಟವನು’ ಅನ್ನುವಾಗ ಎಲ್ಲೋ ದೂರದಲ್ಲಿ ಇನ್ನೊಬ್ಬ ತಲೆ ಕೆಟ್ಟವನಿದ್ದಾನೆ ಅಂತ ಗೊತ್ತಾಗುವ ಸುಖ. ಲಾಸ್ ಏಂಜಲೀಸ್ ಬಳಗದಲ್ಲಿ ಒಬ್ಬ ಬಡ ಹುಡುಗನಿದ್ದ. ಬೀದಿ ಮೂಲೆಯಲ್ಲಿ ನಿಂತು ಪೇಪರು ಮಾರುವುದು ಅವನ ಕಸುಬು. ನ್ಯೂಯಾರ್ಕಿಗೆ ಹೋಗಲು ಚಾರ್ಜಿಗೆ ಕಾಸಿಲ್ಲ. ಅಕರ್‌ಮನ್ ಸಾಲ ಕೊಟ್ಟ. ಹುಡುಗ ಬಸ್ಸು ಹತ್ತಿ ದೇಶದ ಈ ತುದಿಯಿಂದ ಆ ತುದಿಗೆ ಬಂದ. ಆಗ ಅವನಿಗೆ ಹದಿನೆಂಟು. ಹೆಸರು ರೇ ಬ್ರಾಡ್ಬರಿ. 1953ರಲ್ಲಿ ‘ಫ್ಯಾರನ್‌ಹೀಟ್ 451’ ಬರೆದು ಲೋಕಪ್ರಸಿದ್ಧನಾದವನು ಇವನೇ.

ಮರುವರ್ಷದಿಂದ ಪಂದ್ಯ

1940ರಲ್ಲಿ ಸಮ್ಮೇಳನ ಷಿಕಾಗೋದಲ್ಲಿ. ಹಿಂದಿನ ವರ್ಷ ಇಬ್ಬರನ್ನು ನೋಡಿ ನಕ್ಕವರೂ ಈ ಸಲ ವೇಷ ಹಾಕಿ ಬಂದರು! ಪಂದ್ಯವೂ ನಡೆಯಿತು. ಆ ಡೇವಿಡ್ ಕೈಲ್ ಇದ್ದನಲ್ಲ, ಫ್ಲಾಷ್ ಗಾರ್ಡನ್ ಕಥೆಯ ಖಳನಾಯಕ ಮಿಂಗ್ ಚಕ್ರವರ್ತಿಯಾಗಿ ಬಂದು ಬಹುಮಾನ ಹೊಡೆದ. ಅವನ ವೇಷ ತಯಾರಿಸಿಕೊಟ್ಟದ್ದು ಯಾರು? ಲೆಸ್ಲಿ ಪೆರ‍್ರಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು. ಇಲ್ಲೂ ಅದೇ ಕಥೆ. ಸೂಜಿ ಹಿಡಿದಾಕೆ ಒಬ್ಬಳು, ಚಪ್ಪಾಳೆ ಇನ್ನೊಬ್ಬನಿಗೆ.

1941ರಲ್ಲಿ ಡೆನ್ವರ್. ಮೊರೋಜೋ ಈ ಸಲ ಕಪ್ಪೆಮೋರೆಯ ಪ್ರಾಣಿಯಾಗಿ ಬಂದಳು. ಆ ಮುಖವಾಡ ಮಾಡಿದವನು ರೇ ಹ್ಯಾರಿಹೌಸೆನ್ ಎಂಬ ಹುಡುಗ. ಮುಂದೆ ಸಿನಿಮಾದಲ್ಲಿ ಗೊಂಬೆಗಳಿಗೆ ಜೀವ ಬರಿಸಿ, 1963ರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’ನಲ್ಲಿ ಅಸ್ಥಿಪಂಜರಗಳ ಕೈಗೆ ಕತ್ತಿ ಕೊಟ್ಟು ಕಾದಾಡಿಸಿದವನು. ಆಮೇಲೆ ಯುದ್ಧ. ನಾಲ್ಕು ವರ್ಷ ಸಮ್ಮೇಳನವೇ ಇಲ್ಲ. 1946ರಲ್ಲಿ ಮತ್ತೆ ಶುರು.

ಇವರೇ ಲೋಕದಲ್ಲಿ ಮೊಟ್ಟಮೊದಲಿಗರೇ ಅಂದರೆ ಅಲ್ಲ. 1908ರಲ್ಲೇ ಒಹಾಯೋದಲ್ಲಿ ಗಂಡ ಹೆಂಡತಿ ಪೇಪರಿನ ಕಾಮಿಕ್ಸಿನ ಪಾತ್ರಗಳ ವೇಷ ಹಾಕಿದ್ದ ದಾಖಲೆ ಇದೆ. ಆದರೆ ಇಂಥ ಕಥೆಗಳ ಅಭಿಮಾನಿಗಳ ಸಮ್ಮೇಳನಕ್ಕೆ ವೇಷ ತಂದವರು ಇವರಿಬ್ಬರು. ಮುಂದೆ ಬೆಳೆದದ್ದು ಈ ಬಳ್ಳಿಯೇ.

ಬೆಳೆದದ್ದು ಹೇಗೆ ಅಂತೀರಿ! ಸಮ್ಮೇಳನದ ವೇಷದ ಪಂದ್ಯಕ್ಕೆ ಈಗ ದೊಡ್ಡ ಶಿಸ್ತು. ಹೊಸಬರು, ಪಳಗಿದವರು, ಉಸ್ತಾದರು ಅಂತ ಬೇರೆ ಬೇರೆ ದರ್ಜೆ. ಮೊನ್ನೆ ಸೂಜಿ ಹಿಡಿದವರು ಮೂವತ್ತು ವರ್ಷ ಹೊಲಿದವರ ಎದುರು ಸೋತು ಅಳದಿರಲಿ ಅಂತ. ರಂಗದ ಮೇಲೆ ಸಿಗುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಅದಕ್ಕೆ ತಿಂಗಳುಗಟ್ಟಲೆ ಕೆಲಸ. ಕೈಕೆಲಸಕ್ಕೆ ಬೇರೆ ತೀರ್ಪುಗಾರರು. ಅವರು ರಂಗದ ಹಿಂದೆ ನಿಂತು ಅಂಗಿಯ ಅಂಚು ಮಗುಚಿ, ಒಳಗಿನ ಲೈನಿಂಗು ಸಮೇತ ನೋಡುತ್ತಾರೆ. ಹೊರಗೆ ಮಿರಿಮಿರಿ, ಒಳಗೆ ನೂಲು ಜೋತಾಡಿದರೆ ಅಂಕ ಹೋಯಿತು. ನಮ್ಮಲ್ಲಿ ರೆಡಿಮೇಡು ಅಂಗಿ ಕೊಳ್ಳುವವರು ಈ ಬುದ್ಧಿ ಕಲಿತರೆ ಎಷ್ಟು ದುಡ್ಡು ಉಳಿದೀತು! ವೇಷದವರು ಕಾಯುವ ಕೋಣೆಯಲ್ಲಿ ಒಂದು ರಿಪೇರಿ ಮೇಜು ಇರುತ್ತದೆ. ಪಿನ್ನು, ಸೂಜಿ, ದಾರ, ಅಂಟು. ರೆಕ್ಕೆ ಕಿತ್ತುಬಂದ ಎದುರಾಳಿಗೆ ಪಕ್ಕದ ಸ್ಪರ್ಧಿಯೇ ಕೂತು ಟಾಕು ಹಾಕಿಕೊಡುವುದು ಅಲ್ಲಿ ಮಾಮೂಲು. ಇಷ್ಟೆಲ್ಲ ಮಾಡಿ ಗೆದ್ದರೆ ಸಿಗುವುದು ಹೆಚ್ಚಾಗಿ ಒಂದು ಸರ್ಟಿಫಿಕೇಟು. ಬಟ್ಟೆಯ ಖರ್ಚೂ ಹುಟ್ಟುವುದಿಲ್ಲ.

ಎಡವಟ್ಟುಗಳೂ ಉಂಟು. 1972ರಲ್ಲಿ ಲಾಸ್ ಏಂಜಲೀಸ್ ಸಮ್ಮೇಳನದಲ್ಲಿ ಒಬ್ಬ ತರುಣ ವ್ಯಂಗ್ಯಚಿತ್ರಗಾರ ಮೈಗೆಲ್ಲ ಪೀನಟ್ ಬಟರ್ ಬಳಿದುಕೊಂಡು ಬಂದ. ಕಡಲೆಕಾಯಿ ಬೀಜ ಅರೆದು ಮಾಡಿದ್ದು, ಬ್ರೆಡ್ಡಿಗೆ ಸವರುತ್ತಾರಲ್ಲ, ಅದೇ. ದೀಪಗಳ ಶಾಖಕ್ಕೆ ಅದು ಕರಗಿತು, ನಾತ ಹೊಡೆಯಿತು, ಪಕ್ಕದವರ ವೇಷಕ್ಕೂ ಕುರ್ಚಿಗೂ ಮೆತ್ತಿತು. ಅವತ್ತಿನಿಂದ ಪಂದ್ಯದ ನಿಯಮಗಳಲ್ಲಿ ಒಂದು ಸಾಲು ಸೇರಿತು: ಪೀನಟ್ ಬಟರ್ ಕೂಡದು!

1980ರ ದಶಕದ ಮೊದಲಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಎಂಬ ಪತ್ರಿಕೆಯವನು ಕಾಸ್ಟ್ಯೂಮ್ ಮತ್ತು ಪ್ಲೇ ಎರಡನ್ನೂ ಮುರಿದು ಕೂಡಿಸಿ ‘ಕೋಸುಪುರೆ’ ಅಂದ. ಈಗ ಕಾಲೇಜು ಹುಡುಗರು ‘ಕಾಸ್‌ಪ್ಲೇ’ ಅನ್ನುವುದು ಅದನ್ನೇ. 2012ರಲ್ಲಿ ಬೆಂಗಳೂರಿನಲ್ಲೂ ಕಾಮಿಕ್ ಕಾನ್ ಶುರುವಾಯಿತು. ಯಕ್ಷಗಾನದ ಕಿರೀಟ, ದಸರಾದ ಹುಲಿವೇಷ ಕಂಡ ನಾಡಿಗೆ ಬಣ್ಣ ಹಚ್ಚುವುದು ಏನು ಮಹಾ? ಆದರೂ ತಗಡಿನ ರೋಬೋಟು ಬಸ್ ಸ್ಟಾಪಿನಲ್ಲಿ ನಿಂತರೆ ಜನ ತಿರುಗಿ ನೋಡುತ್ತಾರೆ, ನಿಜ.

ಇನ್ನೊಂದು ಮಾತು ಹೇಳಲೇಬೇಕು. 1997ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಒಬ್ಬ ಅಭಿಮಾನಿ, ‘ಸ್ಟಾರ್ ವಾರ್ಸ್’ ಸಿನಿಮಾದ ಬಿಳಿ ಕವಚದ ಸೈನಿಕರ ವೇಷ ಹಾಕುವವರ ಸಂಘ ಕಟ್ಟಿದ. ಆಸ್ಪತ್ರೆಯ ಮಕ್ಕಳನ್ನು ನಗಿಸುವುದು, ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ಅವರ ಕೆಲಸ. ಕೆಲವು ವರ್ಷಗಳ ಮೇಲೆ ಅವನ ಪುಟ್ಟ ಮಗಳಿಗೇ ಮೆದುಳಿನ ಕ್ಯಾನ್ಸರ್ ಬಂತು. ರಾತ್ರಿ ಕಾವಲಿಗೆ ಸಿನಿಮಾದಲ್ಲಿದ್ದಂಥ ರೋಬೋಟು ಬೇಕು ಅಂದಿತು ಮಗು. ಗೆಳೆಯರು ಕೂಡಿ ಗುಲಾಬಿ ಬಣ್ಣದ್ದೊಂದನ್ನು ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. 2005ರಲ್ಲಿ ಮಗು ತೀರಿಕೊಂಡಿತು. 2015ರ ‘ದಿ ಫೋರ್ಸ್ ಅವೇಕನ್ಸ್’ ಚಿತ್ರದಲ್ಲಿ ಗುಲಾಬಿ ಬಣ್ಣದ ಆ ರೋಬೋಟಿಗೂ ಒಂದು ಪಾತ್ರ ಸಿಕ್ಕಿತು.

ಮನೆ ತುಂಬ ಪುಸ್ತಕ

ಅಕರ್‌ಮನ್ ಏನಾದ? ಲೇಖಕರ ಏಜೆಂಟನಾದ, ಪತ್ರಿಕೆ ಸಂಪಾದಕನಾದ. 1954ರಲ್ಲಿ ಕಾರಿನ ರೇಡಿಯೋದಲ್ಲಿ ‘ಹೈ-ಫೈ’ ಅನ್ನುವ ಮಾತು ಕಿವಿಗೆ ಬಿದ್ದು, ಅದರ ಜಾಡಿನಲ್ಲೇ ‘ಸೈ-ಫೈ’ ಅಂದ. ಆ ಮಾತು ಲೋಕವೆಲ್ಲ ಹರಡಿತು. 1953ರಲ್ಲಿ ಮೊದಲ ಹ್ಯೂಗೋ ಪ್ರಶಸ್ತಿಗಳ ಜೊತೆ ‘ಒಂದನೇ ನಂಬರಿನ ಅಭಿಮಾನಿ’ ಅನ್ನುವ ಬಿರುದು ಅವನಿಗೆ ಬಂತು. ವೇದಿಕೆಯ ಮೇಲೆಯೇ ಅದನ್ನು ಒಬ್ಬ ಇಂಗ್ಲೆಂಡಿನ ಅಭಿಮಾನಿಗೆ ಸಲ್ಲಬೇಕಾದದ್ದು ಅಂತ ಬಿಟ್ಟುಕೊಟ್ಟ. ಲಾಸ್ ಏಂಜಲೀಸಿನಲ್ಲಿ ಅವನ ಮನೆ 18 ಕೋಣೆಯದು. ಎಲ್ಲದರಲ್ಲೂ ಪುಸ್ತಕ, ಪತ್ರಿಕೆ, ಸಿನಿಮಾ ಮುಖವಾಡ. ಶನಿವಾರ ಯಾರು ಬೇಕಾದರೂ ಬಂದು ನೋಡಬಹುದು. ಟಿಕೀಟಿಲ್ಲ. 1951ರಿಂದ 2002ರ ತನಕ ಸುಮಾರು 50,000 ಜನ ಬಂದು ಹೋದರೆಂದು ಲೆಕ್ಕ. ಕೊನೆಗೆ ಕಾಯಿಲೆ, ಕೋರ್ಟು ಖರ್ಚು. ಮನೆ ಹೋಯಿತು, ಸಂಗ್ರಹದ ಬಹುಪಾಲು ಮಾರಾಟವಾಯಿತು. ಉಳಿದದ್ದನ್ನು ಚಿಕ್ಕ ಮನೆಗೆ ಸಾಗಿಸಿ, ಅಲ್ಲೂ ಬಂದವರಿಗೆ ಬಾಗಿಲು ತೆರೆದೇ ಇಟ್ಟ.

ಸತ್ತಾಗ ಪತ್ರಿಕೆಗಳೆಲ್ಲ ಬರೆದವು. ಕಾಸ್‌ಪ್ಲೇಯ ಪಿತಾಮಹ ಅಂತಲೂ ಅನ್ನಿಸಿಕೊಂಡ.

ಸರಿ, ಹೊಲಿದಾಕೆ? ಇಬ್ಬರ ದಾರಿ ಆಗಲೇ ಬೇರೆಯಾಗಿತ್ತು. ಮೊರೋಜೋ 1964ರ ನವೆಂಬರ್ 30ರಂದು ಅರವತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ಬಟ್ಟೆ ಹೊಲಿದದ್ದು ಆಕೆ ಅನ್ನುವುದನ್ನು ಅಕರ್‌ಮನ್ ಮುಚ್ಚಿಡಲಿಲ್ಲ, ಕೇಳಿದವರಿಗೆ ಹೇಳುತ್ತಿದ್ದ. ಆದರೂ ಫೋಟೋ ನೋಡಿದವರು ಹಸಿರು ನಿಲುವಂಗಿಯವನ ಹೆಸರು ಬರೆದುಕೊಂಡರು, ಪಕ್ಕದಾಕೆ ‘ಅವನ ಗೆಳತಿ’ ಆಗಿ ಉಳಿದಳು. ಎಷ್ಟೋ ವರ್ಷ ಹಾಗೇ ನಡೆಯಿತು. ಈಚೆಗೆ ವೇಷ ಹೊಲಿಯುವ ಹೆಣ್ಣುಮಕ್ಕಳೇ ಹಳೆಯ ಕಾಗದ ಹುಡುಕಿ ತೆಗೆದು, ತಾಯಿ ಬೇರು ಈಕೆ ಅನ್ನತೊಡಗಿದ್ದಾರೆ. ಹ್ಯೂಗೋದವರು ಪ್ರಶಸ್ತಿ ಹುಟ್ಟುವ ಮುಂಚಿನ ವರ್ಷಗಳಿಗೂ ಹಿಂದಿರುಗಿ ಬಹುಮಾನ ಕೊಟ್ಟದ್ದುಂಟು. ಹಾಗೆ 2014ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಮೊರೋಜೋ ಹೆಸರಿಗೂ ಬಂತು. ಕೊಟ್ಟದ್ದು ಆ ಸ್ಟೆನ್ಸಿಲ್ ಪತ್ರಿಕೆಗಳಿಗೆ. ಹೊಲಿಗೆಗಲ್ಲ. 1939ರಲ್ಲಿ ವೇಷಕ್ಕೆ ಬಹುಮಾನವೇ ಇರಲಿಲ್ಲ. ಪಂದ್ಯ ಶುರುವಾದದ್ದು ಮರುವರ್ಷ, ಆಕೆಯ ಬಟ್ಟೆಯನ್ನು ಎಲ್ಲರೂ ನೋಡಿದ ಮೇಲೆ.