ಒಂದು ಕಾಲು, ಮೂರು ‘ನರ’

‘ಸೊಂಟದಿಂದ ಪಾದದ ತನಕ ನರ ಎಳೀತದೆ’ ಎನ್ನುತ್ತಾರೆ ಒಬ್ಬರು. ‘ಮೀನಖಂಡದಲ್ಲಿ ನರ ಗಂಟು ಕಟ್ಕೊಂಡದೆ’ ಎನ್ನುತ್ತಾರೆ ಪಕ್ಕದವರು. ‘ಹಿಮ್ಮಡಿ ಮೇಲಿನ ನರ ನೋಯ್ತದೆ’ ಎನ್ನುವವರು ಮೂರನೆಯವರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಆಸ್ಪತ್ರೆ ಬೆಂಚುಗಳ ಮೇಲೆ ಇಂಥ ಮಾತು ಹೊಸದಲ್ಲ. ಮೊದಲನೆಯದು ನಿಜಕ್ಕೂ ನರವೇ, ಬೆನ್ನುಹುರಿಯಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಇಳಿಯುವ ಸಯಾಟಿಕ್ ನರ. ಎರಡನೆಯದು ಒಳಗಿನ ಕವಾಟ ಸೋತು ರಕ್ತ ಮಡುಗಟ್ಟಿ ಉಬ್ಬಿದ ರಕ್ತನಾಳ. ಮೂರನೆಯದು ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಬಿಗಿದು ಕಟ್ಟಿರುವ ಸ್ನಾಯುರಜ್ಜು, ಹಗ್ಗದಂಥದ್ದು. ಮೂರಕ್ಕೂ ಕಾರಣ ಬೇರೆ, ಉಪಚಾರ ಬೇರೆ. ಆಡುಮಾತು ಮಾತ್ರ ಮೂರನ್ನೂ ‘ನರ’ ಎಂದು ಮುಗಿಸಿಬಿಡುತ್ತದೆ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿ, ಯಾವುದನ್ನೇ ಓದಲು ಹೋದರೂ ಮೊದಲ ವರ್ಷವೇ ಎದುರಾಗುವ ಅನಾಟಮಿ ಮತ್ತು ಫಿಸಿಯಾಲಜಿ, ಅಂದರೆ ಅಂಗರಚನಾಶಾಸ್ತ್ರ ಮತ್ತು ಅಂಗಕ್ರಿಯಾಶಾಸ್ತ್ರ, ಈ ಒಂದು ಪದವನ್ನು ಮೂರಾಗಿ ಬಿಡಿಸುವ ಕಸುಬು. ಅದು ಹೆಸರುಗಳ ಉದ್ದನೆಯ ಪಟ್ಟಿ, ಉರು ಹೊಡೆದರೆ ಪಾಸು ಎಂಬ ತಿಳಿವಳಿಕೆ ಹರಡಿರುವುದರಿಂದಲೇ ಈ ತಾಲ್ಲೂಕುಗಳ ಎಷ್ಟೋ ಮಕ್ಕಳಿಗೆ ವಿಷಯ ಕಬ್ಬಿಣದ ಕಡಲೆಯಾಗಿದೆ ಎಂಬುದು ಈ ಲೇಖನದ ವಾದ.

ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಗೆ ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಬರಬಹುದು. ಹತ್ತನೇ ತರಗತಿಯ ನಂತರ ಜೀವಶಾಸ್ತ್ರದ ಪುಸ್ತಕ ಮುಟ್ಟದವರ ಮುಂದೆ 206 ಮೂಳೆಗಳ ಲ್ಯಾಟಿನ್ ಹೆಸರುಗಳು ಒಮ್ಮೆಲೇ ಬಂದು ಬೀಳುತ್ತವೆ. ಆದರೆ ಒಂದು ಮೊಣಕೈ ಮಡಿಕೆಯನ್ನು ನೋಡಿ. ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ಬೆರಳ ತುದಿಯಿಂದ ಸವರಿದರೆ ಚರ್ಮದ ಕೆಳಗೇ ಮೆತ್ತಗೆ ಪುಟಿಯುವುದೊಂದು ಸಿಗುತ್ತದೆ. ಒತ್ತಿದರೆ ಬರಿದಾಗಿ, ಬಿಟ್ಟರೆ ತುಂಬಿಕೊಳ್ಳುತ್ತದೆ. ರಕ್ತ ತೆಗೆಯಲು ಸೂಜಿ ಚುಚ್ಚಬೇಕಾದದ್ದು ಅದಕ್ಕೆ. ಅದರಾಚೆ ಕೈ ಮಡಚಿದಾಗ ಸೆಟೆದು ನಿಲ್ಲುವ ಗಟ್ಟಿ ಹುರಿ ತೋಳಿನ ಸ್ನಾಯುವಿನ ರಜ್ಜು. ಅದರ ಒಳಬದಿಗೆ, ಇನ್ನಷ್ಟು ಆಳದಲ್ಲಿ, ಮಿಡಿಯುವುದು ಹೃದಯದಿಂದ ರಕ್ತ ತರುವ ನಾಳ, ಬಿ.ಪಿ. ನೋಡುವಾಗ ಸ್ಟೆತಾಸ್ಕೋಪ್ ಇಡುವುದು ಅದರ ಮೇಲೆ. ಅದಕ್ಕೆ ಅಂಟಿಕೊಂಡಂತೆ ಸಾಗುವುದು ನಿಜವಾದ ನರ, ಸೂಜಿ ತಗುಲಿದರೆ ಬೆರಳಿನವರೆಗೂ ಜುಮ್ಮೆನ್ನುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಗದ ಆಸುಪಾಸಿನಲ್ಲಿ ನಾಲ್ಕು ಸಂಗತಿಗಳು. ಇವನ್ನು ಬೆರಳು ಕಲಿತ ಮೇಲೆ ಹೆಸರು ತಾನಾಗಿ ನಿಲ್ಲುತ್ತದೆ. ಹೆಸರು ಕಲಿತ ಮೇಲೆ ಬೆರಳು ತಾನಾಗಿ ಕಲಿಯುವುದಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಭಾಷೆಯದು. ಪುಸ್ತಕ ಇಂಗ್ಲಿಷಿನಲ್ಲಿದೆ, ಕೇಸ್ ಶೀಟ್ ಇಂಗ್ಲಿಷಿನಲ್ಲಿದೆ, ಹಳ್ಳಿಯ ಮಾತು ಕಟ್ಟಿಕೊಂಡು ಏನಾಗಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪುಸ್ತಕದ ಕನ್ನಡವೇನೂ ಹಳ್ಳಿಗೆ ಹತ್ತಿರದ್ದಲ್ಲ. ಹೃದಯದಿಂದ ರಕ್ತ ಒಯ್ಯುವ ಅಪಧಮನಿ, ಹೃದಯಕ್ಕೆ ಮರಳಿಸುವ ಅಭಿಧಮನಿ ಎಂಬ ಜೋಡಿಯನ್ನೇ ತೆಗೆದುಕೊಳ್ಳಿ: ಅಕ್ಷರವೊಂದು ತಪ್ಪಿದರೆ ರಕ್ತ ಹಿಂದುಮುಂದಾಗಿ ಹರಿಯುತ್ತದೆ. ಲ್ಯಾಟಿನ್ ಬಿಟ್ಟು ಸಂಸ್ಕೃತ ಉರು ಹೊಡೆದರೆ ಲಾಭವಿಲ್ಲ. ಆದರೆ ರೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲಿ. ಊಟವಾದ ಮೇಲೆ ಎದೆಗುಳಿಯಲ್ಲಿ ಒತ್ತಿದಂತಾಗಿ ಬೆವತರೆ ‘ಗ್ಯಾಸ್ಟ್ರಿಕ್ ಇರ್ಬೇಕು’ ಎಂದು ಸೋಡಾ ಕುಡಿಯುವುದು ನಮ್ಮಲ್ಲಿ ವಾಡಿಕೆ. ಹೃದಯದ ತಳಭಾಗ ಎದೆ-ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಮೇಲೆ ಕೂತಿದೆ, ವಪೆಯ ಕೆಳಗೇ ಜಠರವಿದೆ, ಎರಡರ ನೋವೂ ಎದೆಗುಳಿಯಲ್ಲೇ ಕಾಣಿಸಿಕೊಳ್ಳಬಹುದು ಎಂದು ಅರಿತ ನರ್ಸ್‌ ಆ ‘ಗ್ಯಾಸ್ಟ್ರಿಕ್’ ಪದವನ್ನು ನಂಬದೆ ಇ.ಸಿ.ಜಿ. ಯಂತ್ರದ ಕಡೆ ನಡೆಯುತ್ತಾಳೆ. ಎರಡೂ ಭಾಷೆಗಳ ನಡುವೆ ಓಡಾಡುವ ಈ ಸಾಮರ್ಥ್ಯ ಇಂಗ್ಲಿಷ್ ಮಾಧ್ಯಮದವರಿಗಿಂತ ಈ ತಾಲ್ಲೂಕುಗಳ ಮಕ್ಕಳಿಗೇ ಸಹಜ. ಅದನ್ನು ಕೊರತೆ ಎಂದು ಲೆಕ್ಕ ಹಾಕುವುದೇ ತಪ್ಪು. ಹಾಗೆ ನೋಡಿದರೆ ವಿಷವೈದ್ಯದ ಮೇಲೆ ಮಂಗರಾಜ ‘ಖಗೇಂದ್ರಮಣಿದರ್ಪಣ’ ಬರೆದದ್ದು 14ನೇ ಶತಮಾನದಲ್ಲಿ, ಕನ್ನಡದಲ್ಲಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಡಾಕ್ಟರ್ ಹೇಳುತ್ತಾರೆ, ನರ್ಸ್ ಮಾಡುತ್ತಾರೆ. ಕೈ ಪಳಗಿದರೆ ಸಾಲದೆ, ಜೀವಕೋಶದ ಒಳಗಿನ ಕತೆ ಯಾಕೆ ಬೇಕು? ಉತ್ತರ ಈ ನಾಲ್ಕು ತಾಲ್ಲೂಕುಗಳ ಹೊಲಗಳಲ್ಲೇ ಇದೆ. ಇದು ಹೊಗೆಸೊಪ್ಪಿನ ಸೀಮೆ. ಮಳೆಗಾಲದ ಬೆಳಗ್ಗೆ ಒದ್ದೆ ಎಲೆ ಕಿತ್ತು ಕಂಕುಳಲ್ಲಿ ಅವುಚಿಕೊಂಡು ಬರುವ ಹೆಂಗಸರಿಗೆ ತಲೆಸುತ್ತು, ವಾಂತಿ ಬಂದರೆ ‘ಪಿತ್ತ’ ಎಂದು ತಳ್ಳಿಹಾಕುವುದು ಸುಲಭ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ರಕ್ತ ಸೇರುತ್ತದೆ. ನರದ ತುದಿಯಿಂದ ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆಂದು ಇರುವ ಬೀಗಗಳಿಗೇ ಈ ನಿಕೋಟಿನ್ ಕಳ್ಳಕೀಲಿಯಂತೆ ಹೊಂದಿಕೊಳ್ಳುತ್ತದೆ. ಅದೇ ಹೊಲದ ಕೀಟನಾಶಕ ಹೊಟ್ಟೆ ಸೇರಿದರೆ ಕೆಟ್ಟುಹೋಗುವುದೂ ಇದೇ ಸಂದೇಶವ್ಯವಸ್ಥೆ. ಆರ್ಗನೋಫಾಸ್ಫೇಟ್ ವಿಷ ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆಯುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ನೀರು ಗೊರಗುಡುತ್ತದೆ. ಅಟ್ರೋಪಿನ್ ಬರೆದುಕೊಟ್ಟು ಡಾಕ್ಟರ್ ಮುಂದಿನ ಹಾಸಿಗೆಗೆ ಹೋಗಿರಬಹುದು. ರಾತ್ರಿಯಿಡೀ ಪಕ್ಕದಲ್ಲಿದ್ದು ಎದೆಯ ಗೊರಗೊರ ನಿಂತಿತೇ, ನಾಡಿ ಏರಿತೇ, ರೋಗಿ ಜ್ವರ ಬಂದು ಬಡಬಡಿಸತೊಡಗಿದನೇ ಎಂದು ನೋಡುವವರು ನರ್ಸ್. ಔಷಧ ಕಡಿಮೆಯಾದರೂ ಅಪಾಯ, ಮಿಕ್ಕಿದರೂ ಅಪಾಯ. ಯಾಕೆ ನೋಡುತ್ತಿದ್ದೇನೆಂದು ತಿಳಿಯದವರಿಗೆ ಏನು ನೋಡಬೇಕೆಂಬುದೂ ಹೊಳೆಯುವುದಿಲ್ಲ.

ಎಚ್.ಡಿ. ಕೋಟೆ ಕಡೆಯ ಕಾಡಂಚಿಗೆ ಹೋದರೆ ಪ್ರಶ್ನೆ ಇನ್ನೂ ಸೂಕ್ಷ್ಮ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಕೆಂಚನಹಳ್ಳಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸಲು ಕಾರಣರಾದರು. ಜೇನುಕುರುಬ, ಕಾಡುಕುರುಬ, ಯರವರ ಹಾಡಿಗಳಿಗೆ ಆಧುನಿಕ ವೈದ್ಯ ತಲುಪಿದ ಒಂದು ದಾರಿ ಅದು. ಇಂಥ ಆದಿವಾಸಿ ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಹಿಮೊಗ್ಲೋಬಿನ್ನಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ದುಂಡನೆಯ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ ಕೆಲವೇ ವಾರಗಳಲ್ಲಿ ಒಡೆಯುತ್ತದೆ. ಚಳಿಗೆ, ನೀರಡಿಕೆಗೆ ನೋವು ಕೆರಳುವುದು ಕಣಗಳು ಹೀಗೆ ಸಿಕ್ಕಿಕೊಳ್ಳುವುದರಿಂದ. ‘ನೀರು ಚೆನ್ನಾಗಿ ಕುಡಿ, ಬೆಚ್ಚಗಿರು’ ಎಂಬ ಮಾತು ಬರಿಯ ಉಪಚಾರದ ಮಾತಲ್ಲ, ಚಿಕಿತ್ಸೆಯ ಭಾಗವೇ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿದ್ದರೆ ಅವಳು ಅದನ್ನು ಹೇಳುವ ರೀತಿಯೇ ಬೇರೆಯಾಗುತ್ತದೆ.

ಹಾವಿನ ಕಡಿತದಲ್ಲಂತೂ ಯಂತ್ರವೂ ಬೇಡ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೇ ತಿಂದುಹಾಕುತ್ತದೆ. ಅದನ್ನು ಪತ್ತೆಹಚ್ಚಲು ಬೇಕಾದದ್ದು ಒಣಗಿದ, ಚೊಕ್ಕಟವಾದ ಗಾಜಿನ ನಳಿಕೆ ಮತ್ತು ಒಂದು ಗಡಿಯಾರ. ಪ್ಲಾಸ್ಟಿಕ್ ಆಗದು; ಹೆಪ್ಪುಗಟ್ಟುವ ಸರಪಳಿ ಚಾಲೂ ಆಗುವುದು ಗಾಜಿನ ಮೈ ತಾಗಿ. ಸೋಪಿನಲ್ಲಿ ತೊಳೆದ ನಳಿಕೆಯೂ ಆಗದು. ಒಂದೆರಡು ಎಂ.ಎಲ್. ರಕ್ತ ತೆಗೆದು ಅದಕ್ಕೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು, ರಕ್ತ ಇನ್ನೂ ನೀರಿನಂತೆ ಹರಿಯುತ್ತಿದೆಯೇ ಎಂದು.