ಬುಕ್ಕರಾಯನ ತೀರ್ಪು

ಕ್ರಿ.ಶ. 1368ರಲ್ಲಿ ವಿಜಯನಗರದ ಅರಸು ಒಂದನೆಯ ಬುಕ್ಕರಾಯನ ಬಳಿಗೆ ಒಂದು ದೂರು ಬಂದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿರುವುದೆಂದು ಬಿನ್ನವಿಸಿಕೊಂಡರು. ಪಂಚಮಹಾವಾದ್ಯ ಹಾಗೂ ಕಲಶಗಳ ಗೌರವವೂ ಆ ವಿವಾದದಲ್ಲಿ ಸೇರಿತ್ತು. ಇಂದಿನವರಿಗೆ ಇದು ಅಲ್ಪ ವಿಷಯವೆಂದು ತೋರಬಹುದು. ಅಂದಿನ ಸಮಾಜದಲ್ಲಿ ಅದು ಮಾನದ ಪ್ರಶ್ನೆಯಾಗಿತ್ತು.

ಅರಸನು ಶ್ರೀವೈಷ್ಣವ ಆಚಾರ್ಯರನ್ನೂ ಪ್ರಮುಖರನ್ನೂ ಬರಮಾಡಿಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ವಾದ್ಯ ಕಲಶಗಳು ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕವೆಂದೂ, ಜೈನರಿಗೊದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂದೂ ವಿಧಿಸಿದನು. ತೀರ್ಪು ಬರಿಯ ಮಾತಿನಲ್ಲಿ ನಿಲ್ಲಲಿಲ್ಲ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜಿನದೇವರನ್ನು ಕಾಯುವ ಹೊಣೆ ವೈಷ್ಣವನ ಮೇಲೆ ಬಿದ್ದಿತು!

ಹಾಗಾದರೆ ಎರಡು ಮತಗಳ ಗುರಿಯೂ ಒಂದೇ ಎಂದು ಅರಸನು ನಂಬಿದ್ದನೆ? ಶಾಸನವು ಅದನ್ನು ಚರ್ಚಿಸುವುದಿಲ್ಲ. ಶ್ರೀವೈಷ್ಣವನಿಗೆ ಮೋಕ್ಷವೆಂದರೆ ನಾರಾಯಣನ ಕೃಪೆಯಿಂದ ದೊರೆಯುವ ನಿತ್ಯಕೈಂಕರ್ಯ. ಜೈನನಾದರೋ ಸೃಷ್ಟಿಕರ್ತನಾದ ಈಶ್ವರನನ್ನೇ ಒಪ್ಪುವುದಿಲ್ಲ. ಜೀವವು ಸ್ವಪ್ರಯತ್ನದಿಂದ ಕರ್ಮವನ್ನು ಕಳೆದುಕೊಳ್ಳುವುದೇ ಅವನ ಮೋಕ್ಷ. ಹೆಸರು ಒಂದಾದರೂ ವಸ್ತು ಬೇರೆ.

ಹಿಂದೂ ಚಿಂತಕರೂ ಈ ವಿಷಯದಲ್ಲಿ ಏಕಾಭಿಪ್ರಾಯದವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀರಾಮಕೃಷ್ಣ ಪರಮಹಂಸರು ಇಸ್ಲಾಂ, ಕ್ರೈಸ್ತ ಮಾರ್ಗಗಳಲ್ಲಿಯೂ ಸಾಧನೆ ಮಾಡಿ, ದಾರಿಗಳು ಹಲವಾದರೂ ಸೇರುವ ನೆಲೆ ಒಂದೇ ಎಂದು ಬೋಧಿಸಿದರು. ಅವರಿಗಿಂತ ಆರು ಶತಮಾನಗಳಷ್ಟು ಹಿಂದೆ ಮಧ್ವಾಚಾರ್ಯರು ಮುಕ್ತರ ಆನಂದದಲ್ಲಿಯೂ ತಾರತಮ್ಯವುಂಟೆಂದು ಸಾರಿ, ಪರಮತಗಳನ್ನು ತರ್ಕದಿಂದ ಖಂಡಿಸಿದ್ದರು. ಎಲ್ಲ ಮತಗಳೂ ಒಂದೇ ಎನ್ನುವುದೇ ಹಿಂದೂಧರ್ಮದ ಏಕೈಕ ನಿಲುವೆಂದು ತಿಳಿಯುವುದು ಸರಿಯಲ್ಲ.

ಬುಕ್ಕರಾಯನು ಈ ವಾದ ಮುಗಿಯಲೆಂದು ಕಾಯಲಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿಯೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅವನ ಆಜ್ಞೆಯನ್ನು ಕಲ್ಲಿನಲ್ಲಿ ಕೊರೆಯಲಾಯಿತು. ಮುಂದೆ ಕಲ್ಲೇಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನವಿಸಿ ಈ ಧರ್ಮವನ್ನು ಜೀರ್ಣೋದ್ಧಾರ ಮಾಡಿಸಿದನು. ಆಗ ಜೈನರೂ ವೈಷ್ಣವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.