ಕೊಂಡಿ ಕಳಚಿದ ಕೈಗಳು

ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನ ಸೋಹಮ್ ಸಣ್ಣ ಪೇಟೆ. ಎರಡನೇ ಮಹಾಯುದ್ಧದ ಕಾಲ; 1944ರ ಜೂನ್ 2ರ ನಡುರಾತ್ರಿ ಕಳೆದು ಒಂದೂವರೆ ಗಂಟೆ ದಾಟಿತ್ತು. ಊರೆಲ್ಲ ಮಲಗಿತ್ತು. 51 ವ್ಯಾಗನ್‌ಗಳ ಗೂಡ್ಸ್ ಗಾಡಿಯೊಂದು ನಿಲ್ದಾಣದತ್ತ ಬರುತ್ತಿತ್ತು. ಒಳಗಿದ್ದದ್ದು ಬಾಂಬುಗಳು.

ಡ್ರೈವರ್ ಬೆಂಜಮಿನ್ ಗಿಂಬರ್ಟ್ ಹಿಂದಿರುಗಿ ನೋಡಿದಾಗ ಎಂಜಿನ್ನಿಗೆ ತಗುಲಿಕೊಂಡಿದ್ದ ಮೊದಲ ವ್ಯಾಗನ್ನಿಗೇ ಬೆಂಕಿ ಬಿದ್ದಿತ್ತು. ಅದರಲ್ಲಿದ್ದದ್ದು ತಲಾ 500 ಪೌಂಡಿನ 44 ಬಾಂಬುಗಳು. ಸಿಳ್ಳೆ ಹಾಕಿ ಗಾರ್ಡ್‌ನನ್ನು ಎಚ್ಚರಿಸಿ, ಗಾಡಿಯನ್ನು ಮೆಲ್ಲಗೆ ನಿಲ್ಲಿಸಿದ. ಫೈರ್‌ಮನ್ ಜೇಮ್ಸ್ ನೈಟಾಲ್‌ಗೆ ಇನ್ನೂ 22ರ ಪ್ರಾಯ. ವ್ಯಾಗನ್ನನ್ನು ಬೇರ್ಪಡಿಸುವಾಗ ಕೊಂಡಿ ಕಾದಿದ್ದರೆ ಬೇಕಾದೀತೆಂದು ಗಿಂಬರ್ಟ್ ಅವನಿಗೆ ಕಲ್ಲಿದ್ದಲು ಒಡೆಯುವ ಸುತ್ತಿಗೆಯನ್ನು ಒಯ್ಯಲು ಹೇಳಿದ. ನೈಟಾಲ್ ಕೆಳಗಿಳಿದು, ಉರಿಯುವ ವ್ಯಾಗನ್ನಿನ ಹಿಂದಿನ ಕೊಂಡಿಯನ್ನು ಕಳಚಿ, ಮತ್ತೆ ಎಂಜಿನ್ ಹತ್ತಿದ. ಇಳಿದವನು ಕತ್ತಲಲ್ಲಿ ಓಡಿಹೋಗಬಹುದಿತ್ತು. ಓಡಲಿಲ್ಲ.

ಬೆಂಕಿ ಹತ್ತಿದ ವ್ಯಾಗನ್ನನ್ನು ಊರಾಚೆಯ ಬಯಲಿಗೆ ಎಳೆದೊಯ್ಯುವುದು ಇಬ್ಬರ ಯೋಚನೆ. ನಿಲ್ದಾಣಕ್ಕೆ ಬಂದಾಗ ಸಿಗ್ನಲ್‌ಮನ್ ಫ್ರಾಂಕ್ ಬ್ರಿಜಸ್ ಪ್ಲಾಟ್‌ಫಾರಂಗೆ ಇಳಿದು ಬಂದಿದ್ದ. ಎದುರಿನಿಂದ ಬರಬೇಕಾದ ಟಪಾಲು ಗಾಡಿ ಎಲ್ಲಿದೆಯೆಂದು ಗಿಂಬರ್ಟ್ ಕೂಗಿ ಕೇಳಿದ. ಅಷ್ಟರಲ್ಲಿ ಬಾಂಬುಗಳು ಸಿಡಿದವು. ನೈಟಾಲ್ ಅಲ್ಲೇ ಸತ್ತ. ಬ್ರಿಜಸ್ ಮರುದಿನ ಪ್ರಾಣಬಿಟ್ಟ. ದೂರಕ್ಕೆ ಎಸೆಯಲ್ಪಟ್ಟ ಗಿಂಬರ್ಟ್ ಉಳಿದುಕೊಂಡ; 1976ರವರೆಗೆ ಬದುಕಿದ. ನಿಲ್ದಾಣ ನೆಲಸಮವಾಯಿತು, ಊರಿನ 700ಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿಯಾಯಿತು. ಆದರೆ ಹಿಂದೆ ಬಿಟ್ಟುಬಂದಿದ್ದ 50 ವ್ಯಾಗನ್‌ಗಳು ಸಿಡಿಯಲಿಲ್ಲ. ಸೋಹಮ್ ಇಂದಿಗೂ ಭೂಪಟದ ಮೇಲಿರುವುದು ಅದರಿಂದಲೇ.

ಬೆಂಕಿ ಹೇಗೆ ಬಿತ್ತು? ಆ ವ್ಯಾಗನ್ ಹಿಂದೊಮ್ಮೆ ಗಂಧಕ ಸಾಗಿಸಿತ್ತು. ಉಳಿದಿದ್ದ ಪುಡಿಗೆ ಎಂಜಿನ್ನಿನ ಕಿಡಿ ತಾಗಿರಬೇಕೆಂಬುದು ತನಿಖೆಯ ಊಹೆ. 

ಈ ಸಾಹಸ ಒಂಟಿಯಲ್ಲ. 1939ರಲ್ಲಿ ಬ್ರಿಟನ್ನಿನ ರೈಲ್ವೆ ಕಂಪನಿಗಳು ಸರ್ಕಾರದ ಹತೋಟಿಗೆ ಬಂದವು. ಬಾಂಬ್ ದಾಳಿಯ ಭಯದಿಂದ ನಗರದ ಮಕ್ಕಳನ್ನು ಹಳ್ಳಿಗೆ ಮುಟ್ಟಿಸಿದ್ದು, ಫ್ರಾನ್ಸಿನ ಡಂಕರ್ಕ್‌ನಿಂದ ಮರಳಿದ ಮೂರು ಲಕ್ಷದಷ್ಟು ಸೈನಿಕರನ್ನು ಬಂದರುಗಳಿಂದ ಒಳನಾಡಿಗೆ ಸಾಗಿಸಿದ್ದು ಇದೇ ರೈಲ್ವೆಯ ನೌಕರರು. ಗಂಡಸರು ಸೇನೆಗೆ ಹೋದ ಜಾಗಗಳಿಗೆ ಹೆಂಗಸರು ಬಂದರು. ಅವರ ಸಂಖ್ಯೆ ಲಕ್ಷ ದಾಟಿತ್ತು. ಕೂಲಿ, ಗಾರ್ಡ್, ಸಿಗ್ನಲ್ ಕೆಲಸ ಎಲ್ಲವನ್ನೂ ಮಾಡಿದರು. ಸಮವಸ್ತ್ರದ ಸೈನಿಕನಿಗೆ ಸಿಕ್ಕ ಮೆರವಣಿಗೆ ಇವರಲ್ಲಿ ಬಹುಪಾಲಿಗೆ ಸಿಗಲಿಲ್ಲ.

ಸೋಹಮ್‌ನಲ್ಲೇ ನೋಡಿ. ಗಿಂಬರ್ಟ್ ಮತ್ತು ನೈಟಾಲ್‌ಗೆ 1944ರ ಜುಲೈನಲ್ಲೇ ಜಾರ್ಜ್ ಕ್ರಾಸ್ ಶೌರ್ಯ ಪದಕ ಘೋಷಣೆಯಾಯಿತು, ನೈಟಾಲ್‌ಗೆ ಮರಣೋತ್ತರವಾಗಿ. 1981ರಲ್ಲಿ ಎರಡು ಎಂಜಿನ್‌ಗಳಿಗೆ ಅವರ ಹೆಸರಿಟ್ಟರು. ಬೆಂಕಿಯ ಗಾಡಿ ಬರುವುದನ್ನು ಕಂಡೂ ಪ್ಲಾಟ್‌ಫಾರಂನಲ್ಲಿ ನಿಂತ ಬ್ರಿಜಸ್‌ಗೆ ಆ ಪದಕ ಬರಲಿಲ್ಲ. ಸ್ಫೋಟದ ಆಘಾತದಲ್ಲೂ, ಹಿಂದಿನಿಂದ ಬರುವ ಗಾಡಿಯನ್ನು ತಡೆಯಲು ಹಳಿಗುಂಟ ನಡೆದ ಗಾರ್ಡ್ ಹರ್ಬರ್ಟ್ ಕ್ಲಾರ್ಕ್‌ಗೂ ಇಲ್ಲ.

ಸ್ಫೋಟವಾದ ದಿನ ಸಂಜೆ ಕಳೆಯುವಷ್ಟರಲ್ಲೇ ಹಳಿ ಸರಿಯಾಗಿ ಗೂಡ್ಸ್ ಗಾಡಿಗಳು ಓಡತೊಡಗಿದವು. ನಾಲ್ಕು ದಿನಗಳ ನಂತರ ಮಿತ್ರಪಡೆಗಳ ನಾರ್ಮಂಡಿ ದಾಳಿ. ಸ್ಫೋಟದ ಹೊಂಡ ಮುಚ್ಚಿ ಹೊಸ ಹಳಿ ಹಾಕಿದವರ ಹೆಸರು ಊರಿನ ನೆನಪಿನಲ್ಲಿ ಎಷ್ಟು ಉಳಿದಿದೆಯೋ. ಸ್ಫೋಟದ ನಂತರವೂ ನಡೆದು 1965ರಲ್ಲಿ ಮುಚ್ಚಿದ್ದ ಸೋಹಮ್ ನಿಲ್ದಾಣ 2021ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ.